ಎಲ್ಲರ ಖಾತೆಯಲ್ಲೂ ನುಡಿ ತಾನಾಗಿ ತೆರೆಯುವಂತೆ ಮಾಡಿದ್ದು

ಬೆಟಗೇರಿಯ ಒಂದು ಪ್ರೆಸ್ಸಿನ ಡಿಟಿಪಿ ವಿಭಾಗದಲ್ಲಿ ಆರು ಕಂಪ್ಯೂಟರುಗಳಿವೆ. ಅವುಗಳನ್ನು ನೋಡಿಕೊಳ್ಳುವವನು ನಾನು. ಹಗಲಿಗೆ ಮೂವರು ಆಪರೇಟರ್, ಲಗ್ನದ ಸೀಜನ್ನಿನಲ್ಲಿ ರಾತ್ರಿಗೆ ಮತ್ತಿಬ್ಬರು. ಇವತ್ತು ಈ ಮಷಿನ್, ನಾಳೆ ಆ ಮಷಿನ್, ಕೂಡುವ ಜಾಗ ಬದಲಾಗುತ್ತಲೇ ಇರುತ್ತದೆ. ಅದಕ್ಕೇ ಪ್ರತಿ ಕಂಪ್ಯೂಟರಿನಲ್ಲೂ ಐವರಿಗೂ ಒಂದೊಂದು ಖಾತೆ, ಮೇಲೆ ನನ್ನದೊಂದು ಅಡ್ಮಿನ್ ಖಾತೆ.

ಕೆಲವು ಬೇಸಿಗೆ ಹಿಂದಿನ ಮಾತು. ಕರೆಂಟ್ ದಿನಕ್ಕೆ ಮೂರ್ನಾಲ್ಕು ಸಲ ಹೋಗಿ ಬರುತ್ತಿತ್ತು. ಯುಪಿಎಸ್ಸಿನ ಬ್ಯಾಟರಿಯಲ್ಲಿ ದಮ್ಮು ಉಳಿದಿರಲಿಲ್ಲ. ಹಳೇ ಹಾರ್ಡ್ ಡಿಸ್ಕ್, 4 ಜಿಬಿ ರ‍್ಯಾಮ್, ವಿಂಡೋಸ್ 10. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಚ್ಚಿ ನೋಡಿದೆ: ಪಾಸ್‌ವರ್ಡ್ ಕೊಟ್ಟಾಗಿನಿಂದ ಮೊದಲ ಕನ್ನಡ ಅಕ್ಷರ ಮೂಡುವ ತನಕ ನಾಲ್ಕು ನಿಮಿಷಕ್ಕೂ ಮೇಲೆ. ಲಗ್ನಪತ್ರಿಕೆಯ ಪ್ರೂಫ್ ನೋಡಲಿಕ್ಕೆ ಹಳ್ಳಿಯಿಂದ ಬಂದವರು ಮುಂದೆ ಕೂತು ಬಸ್ಸಿನ ಹೊತ್ತು ನೋಡುತ್ತಿರುತ್ತಾರೆ. ಆಗ ಆ ನಾಲ್ಕು ನಿಮಿಷ ಮುಗಿಯುವುದೇ ಇಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನನ್ನ ಖಾತೆಯಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು, ಸ್ಟಾರ್ಟ್‌ಅಪ್ ಟ್ಯಾಬಿನಲ್ಲಿ, ಅಂದರೆ ಲಾಗಿನ್ ಆದ ಕೂಡಲೇ ತಾನಾಗಿ ಶುರುವಾಗುವ ಪ್ರೋಗ್ರಾಮುಗಳ ಪಟ್ಟಿಯಲ್ಲಿ, ಬೇಡವೆನಿಸಿದ್ದನ್ನೆಲ್ಲ ಡಿಸೇಬಲ್ ಮಾಡುತ್ತ ಹೋದೆ. ಕೆಲವು ಎಲ್ಲರ ಖಾತೆಯಲ್ಲೂ ನಿಂತವು. ಕೆಲವು ನನಗೆ ಮಾತ್ರ ನಿಂತು, ಬೇರೆಯವರು ಲಾಗಿನ್ ಆದ ಕೂಡಲೇ ಮತ್ತೆ ಹಾಜರಾದವು. ಯಾಕೆ ಹೀಗೆ ಅಂತ ಅಲ್ಲೇ ನಿಂತು ವಿಚಾರ ಮಾಡಬೇಕಿತ್ತು. ಮಾಡಲಿಲ್ಲ.

ನಮ್ಮಲ್ಲಿ ಕನ್ನಡದ ಕೆಲಸವೆಲ್ಲ ನುಡಿಯಲ್ಲಿ, ಕನ್ನಡ ಗಣಕ ಪರಿಷತ್ತಿನ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ. ಪೇಜ್‌ಮೇಕರಿಗೂ ಅದೇ, ಕೋರೆಲ್‌ಡ್ರಾಕ್ಕೂ ಅದೇ. ಅದು ಹಿಂದೆ ಓಡುತ್ತಿರಬೇಕು. ಸ್ಕ್ರೋಲ್ ಲಾಕ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್. ನನ್ನ ಖಾತೆಯಲ್ಲಿ ರಿಪೇರಿ ಕೆಲಸವಷ್ಟೇ ನಡೆಯುವುದರಿಂದ ನನಗ್ಯಾಕೆ ನುಡಿ ಎಂದು ಅದನ್ನೂ ಡಿಸೇಬಲ್ ಮಾಡಿದೆ, ಆರೂ ಮಷಿನ್ನಿನಲ್ಲಿ.

ಮರುದಿನ ಮುಂಜಾನೆ ಒಂಬತ್ತಕ್ಕೆ ಫೋನ್ ಬಂತು. ‘ಅಣ್ಣಾರ, ನುಡಿ ಬರವಲ್ದ್ರಿ. ಯಾವ ಮಷಿನ್ನಾಗೂ ಬರವಲ್ದು. ಅಕ್ಷರ ಹರದ್ ಹರದ್ ಬೀಳಾಕತ್ತಾವ.’

ಹೋಗಿ ನೋಡಿದರೆ ಫಾಂಟ್ ಸರಿಯಾಗೇ ಇದೆ, ನುಡಿ 01 ಇ. ಆದರೆ ಕೀಲಿಗಳನ್ನು ಅಕ್ಷರ ಮಾಡಿ ಕೂಡಿಸುವ ತಂತ್ರಾಂಶ ಓಡುತ್ತಿಲ್ಲ. ಮದುಮಗಳ ಹೆಸರು ಇರಬೇಕಾದಲ್ಲಿ ತಲಕಟ್ಟಿಲ್ಲದ ಚೂರುಗಳು, ಯಾವುದಕ್ಕೂ ಅಂಟದ ಒತ್ತುಗಳು ಸಾಲಾಗಿ ಬಿದ್ದಿದ್ದವು. ನುಡಿ ಇಷ್ಟು ದಿನ ತಾನಾಗೇ ತೆರೆಯುತ್ತಿದ್ದುದರಿಂದ ಡೆಸ್ಕ್‌ಟಾಪಿನಲ್ಲಿ ಅದರ ಐಕಾನ್ ಇಟ್ಟಿರಲಿಲ್ಲ. ಕೈಯಿಂದ ತೆರೆಯುವ ಪ್ರಸಂಗ ಆಪರೇಟರುಗಳಿಗೆ ಬಂದೇ ಇರಲಿಲ್ಲ. ಪ್ರೆಸ್ಸಿನ ಯಜಮಾನರು, ನಾವೆಲ್ಲ ಕಾಕಾ ಅನ್ನುತ್ತೇವೆ, ಹಿಂದೆ ಬಂದು ನಿಂತು ಕೇಳಿದರು: ‘ನಿನ್ನಿ ರಾತ್ರಿ ಛಲೋ ಇತ್ತಲ್ಲೋ, ಏನ್ ಮುಟ್ಟಿದಿ?’ ಅವತ್ತು ಎರಡು ಲಗ್ನಪತ್ರಿಕೆಗಳ ಪ್ಲೇಟ್ ತಡವಾಯಿತು.

ಆ ಸಂಜೆ ಕೂತು ಮೂಲದಿಂದ ಓದಿದೆ. ವಿಂಡೋಸಿನಲ್ಲಿ ತಾನಾಗಿ ಶುರುವಾಗುವವಕ್ಕೆ ಎರಡು ಬಗೆಯ ಜಾಗ: ಒಬ್ಬರ ಜಾಗ, ಎಲ್ಲರ ಜಾಗ. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ರನ್ ಪೆಟ್ಟಿಗೆಯಲ್ಲಿ ‘ಶೆಲ್:ಸ್ಟಾರ್ಟ್‌ಅಪ್’ ಎಂದು ಕೊಟ್ಟರೆ ಲಾಗಿನ್ ಆದವರ ಸ್ವಂತ ಫೋಲ್ಡರ್ ತೆರೆಯುತ್ತದೆ. ‘ಶೆಲ್:ಕಾಮನ್ ಸ್ಟಾರ್ಟ್‌ಅಪ್’ ಎಂದರೆ ಎಲ್ಲರದು. ಇದು ಸಿ ಡ್ರೈವಿನ ಪ್ರೋಗ್ರಾಮ್‌ಡೇಟಾದ ಒಳಗಿರುತ್ತದೆ. ಪ್ರೋಗ್ರಾಮ್‌ಡೇಟಾ ಮರೆಮಾಡಿದ ಫೋಲ್ಡರ್, ಹಾಗಾಗಿ ಸುಮ್ಮನೆ ಹುಡುಕಿದರೆ ಕಣ್ಣಿಗೆ ಬೀಳುವುದಿಲ್ಲ. ಎಕ್ಸ್‌ಪಿ ಕಾಲದಲ್ಲಿ ಇದರ ದಾರಿಯಲ್ಲೇ ‘ಆಲ್ ಯೂಸರ್ಸ್’ ಎಂಬ ಹೆಸರಿರುತ್ತಿತ್ತು, ನೋಡಿದರೆ ತಿಳಿಯುತ್ತಿತ್ತು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲೂ ಇದೇ ಲೆಕ್ಕ. ‘ರನ್’ ಎಂಬ ಕೀಲಿ ಕರೆಂಟ್ ಯೂಸರ್ ಅಡಿಯಲ್ಲಿದ್ದರೆ ಒಬ್ಬರಿಗೆ, ಲೋಕಲ್ ಮಷಿನ್ ಅಡಿಯಲ್ಲಿದ್ದರೆ ಎಲ್ಲರಿಗೆ. 64 ಬಿಟ್ ವಿಂಡೋಸಿನಲ್ಲಿ 32 ಬಿಟ್ಟಿನ ಹಳೇ ತಂತ್ರಾಂಶಗಳಿಗೆ ‘ವಾವ್6432ನೋಡ್’ ಎಂಬ ಬೇರೆ ಗೂಡು ಇದೆ. ನಮ್ಮ ಹಳೇ ಸ್ಕ್ಯಾನರ್ ಎಂದೋ ಗುಜರಿಗೆ ಹೋಗಿತ್ತು, ಅದರ ಪ್ರೋಗ್ರಾಮ್ ಮಾತ್ರ ಆ ಗೂಡಿನಲ್ಲಿ ಕೂತು ದಿನಾ ಎಲ್ಲರಿಗೂ ಶುರುವಾಗುತ್ತಿತ್ತು.

ಟಾಸ್ಕ್ ಮ್ಯಾನೇಜರಿನ ಪಟ್ಟಿಯಲ್ಲಿ ಇವೆಲ್ಲ ಕೂಡಿಯೇ ಕಾಣುತ್ತವೆ. ‘ಸ್ಟಾರ್ಟ್‌ಅಪ್ ಟೈಪ್’ ಕಾಲಂ ಸೇರಿಸಿಕೊಂಡರೂ ಫೋಲ್ಡರೋ ರಿಜಿಸ್ಟ್ರಿಯೋ ಎಂಬುದಷ್ಟೇ ತಿಳಿಯುತ್ತದೆ. ಒಬ್ಬರದೋ ಎಲ್ಲರದೋ ತಿಳಿಯುವುದಿಲ್ಲ. ನುಡಿಯ ಶಾರ್ಟ್‌ಕಟ್ ಎಲ್ಲರ ಫೋಲ್ಡರಿನಲ್ಲಿತ್ತು. ಅಂಥದ್ದನ್ನು ಅಡ್ಮಿನ್ ಡಿಸೇಬಲ್ ಮಾಡಿದರೆ ಆ ಗುರುತು ಲೋಕಲ್ ಮಷಿನ್ ಅಡಿಯ ‘ಸ್ಟಾರ್ಟ್‌ಅಪ್ ಅಪ್ರೂವ್ಡ್’ ಕೀಲಿಯಲ್ಲಿ ದಾಖಲಾಗುತ್ತದೆ. ಶಾರ್ಟ್‌ಕಟ್ ಇದ್ದಲ್ಲೇ ಇರುತ್ತದೆ, ಯಾರಿಗೂ ತೆರೆಯುವುದಿಲ್ಲ. ನನ್ನ ಒಂದು ಕ್ಲಿಕ್ಕಿಗೆ ಐವರ ಕೆಲಸ ನಿಂತದ್ದು ಹೀಗೆ.

ಆಮೇಲೆ ಕೈಗೆ ತಗೊಂಡದ್ದು ಆಟೋರನ್ಸ್, ತಾನಾಗಿ ಶುರುವಾಗುವವನ್ನೆಲ್ಲ ಪಟ್ಟಿ ಮಾಡಿ ತೋರಿಸುವ ತಂತ್ರಾಂಶ. ಮಾರ್ಕ್ ರುಸಿನೊವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಅವರ ಸಿಸ್‌ಇಂಟರ್ನಲ್ಸ್ ಬಳಗದ್ದು. 2006ರಲ್ಲಿ ಆ ಬಳಗವನ್ನು ಮೈಕ್ರೋಸಾಫ್ಟ್ ಕೊಂಡಿತು, ತಂತ್ರಾಂಶ ಇವತ್ತಿಗೂ ಪುಕ್ಕಟೆ. ಇದರ ಲಾಗಾನ್ ಟ್ಯಾಬಿನಲ್ಲಿ ಪ್ರತಿ ಗುಂಪಿನ ಮೇಲೂ ಜಾಗದ ಹೆಸರು ಇರುತ್ತದೆ, ಹಾಗಾಗಿ ಯಾವುದು ಯಾರದು ಎಂಬ ಗೊಂದಲವಿಲ್ಲ. ಅಡ್ಮಿನ್ ಆಗಿ ತೆರೆದರೆ ಯೂಸರ್ ಮೆನುವಿನಿಂದ ಬೇರೆಯವರ ಖಾತೆಯ ಪಟ್ಟಿಯನ್ನೂ ನೋಡಬಹುದು. ಹಳದಿ ಬಣ್ಣದ ಸಾಲು ಎಂದರೆ ಫೈಲೇ ಇಲ್ಲ, ನಮೂದು ಮಾತ್ರ ಉಳಿದಿದೆ. ಟಿಕ್ ತೆಗೆದರೆ ನಮೂದು ಅಳಿಸಿಹೋಗುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ. ಮತ್ತೆ ಟಿಕ್ ಹಾಕಿದರೆ ವಾಪಸ್. ಮೈಕ್ರೋಸಾಫ್ಟಿನ ನಮೂದುಗಳನ್ನು ಮರೆಮಾಡುವ ಆಯ್ಕೆ ಇದೆ, ಅದನ್ನು ಹಾಕಿಕೊಂಡೇ ಕೂಡಬೇಕು. ಇಲ್ಲದಿದ್ದರೆ ವಿಂಡೋಸಿನದೇ ನಮೂದಿಗೆ ಕೈ ತಾಗಬಹುದು: ಲಾಗಿನ್ ಮುಗಿಸಿಕೊಡುವ, ವಿನ್‌ಲಾಗಾನ್ ಅಡಿಯ ಯೂಸರ್‌ಇನಿಟ್ ಕೆಟ್ಟರೆ ಪಾಸ್‌ವರ್ಡ್ ಕೊಟ್ಟ ಕೂಡಲೇ ವಿಂಡೋಸ್ ಹೊರಗೆ ಹಾಕುತ್ತದೆ, ಒಳಗೆ ಹೋಗಿ ಸರಿಮಾಡುವ ದಾರಿಯೂ ಇರುವುದಿಲ್ಲ.

ಈ ಸಲ ಟಿಕ್ ತೆಗೆಯುವ ಮೊದಲು ನೂರು ಪುಟದ ಒಂದು ನೋಟ್‌ಬುಕ್ ತಂದು ಎಲ್ಲ ನಮೂದುಗಳನ್ನೂ ಬರೆದೆ. ಒಂದೊಂದರ ಮುಂದೆ ಇದು ಯಾರಿಗೆ ಬೇಕು ಅಂತ ಆಪರೇಟರುಗಳನ್ನು ಕೇಳಿ ಬರೆದುಕೊಂಡೆ. ಇದರಿಂದ ನನಗೆ ಬಹಳ ಉಪಯೋಗವಾಯಿತು. ಎರಡನೇ ಮಷಿನ್ನಿನಲ್ಲಿ ಹೆಸರು ನೋಡಿದರೆ ಏನೂ ತಿಳಿಯದ ಒಂದು ಚಿಕ್ಕ ಪ್ರೋಗ್ರಾಮ್ ಎಲ್ಲರ ರನ್ ಕೀಲಿಯಲ್ಲಿತ್ತು. ತೆಗೆದುಬಿಡುವವನಿದ್ದೆ. ಹದಿನೈದು ವರ್ಷದಿಂದ ಡಿಸೈನ್ ಮಾಡುವ ಅಕ್ಕಾರು ತಡೆದರು. ‘ಅದನ್ ತಗೀಬ್ಯಾಡ್ರಿ. ಅದು ಬರಲಿಲ್ಲಂದ್ರ ಕುಂಕುಮದ ಕೆಂಪು ಕಿತ್ತಳಿ ಹಂಗ ಕಾಣ್ತದ.’ ಮಾನಿಟರಿನ ಬಣ್ಣ ಹೊಂದಿಸಿದ್ದನ್ನು ಪ್ರತಿ ಲಾಗಿನ್ನಿಗೆ ಮತ್ತೆ ತುಂಬುವ ಪ್ರೋಗ್ರಾಮ್ ಅದು. ಟಾಸ್ಕ್ ಮ್ಯಾನೇಜರಿನಲ್ಲಿ ಅದರ ಪ್ರಭಾವ ‘ಲೋ’ ಎಂದಿತ್ತು. ಶುರುವಾಗುವಾಗ ಸಿಪಿಯು ಒಂದು ಸೆಕೆಂಡಿಗಿಂತ ಹೆಚ್ಚು ದುಡಿದರೆ ಇಲ್ಲವೇ ಡಿಸ್ಕ್ 3 ಎಂಬಿಗಿಂತ ಹೆಚ್ಚು ಓದಿ ಬರೆದರೆ ‘ಹೈ’ ಎಂದು ತೋರಿಸುತ್ತದೆ. ಆ ಶಬ್ದ ಹೇಳುವುದು ಭಾರವನ್ನು, ಕೆಲಸಕ್ಕೆ ಬೇಕೋ ಬೇಡವೋ ಎಂಬುದನ್ನು ಹೇಳುವುದಿಲ್ಲ.

ಉಳಿದದ್ದು ಬೇಗ ಮುಗಿಯಿತು. ಚಾಟ್ ಪ್ರೋಗ್ರಾಮ್, ಶಾಯಿಯ ಮಟ್ಟ ತೋರಿಸುವವು, ಅಪ್‌ಡೇಟ್ ಹುಡುಕುವವು ಹೋದವು. ಆಂಟಿವೈರಸ್ ಮುಟ್ಟಲಿಲ್ಲ. ನುಡಿಯ ಶಾರ್ಟ್‌ಕಟ್ ಎಲ್ಲರ ಫೋಲ್ಡರಿನಲ್ಲೇ ಉಳಿಯಿತು. ಅದರ ಪ್ರಾಪರ್ಟೀಸಿನಲ್ಲಿ ‘ಮಿನಿಮೈಸ್ಡ್’ ಆರಿಸಿದ್ದರಿಂದ ಕಿಟಕಿ ಅಡ್ಡ ಬರುವುದಿಲ್ಲ. ದಿನದ ಫೈಲುಗಳನ್ನು ಸರ್ವರಿಗೆ ನಕಲು ಮಾಡುವ ಕೆಲಸವೂ ಮೊದಲು ಆ ಫೋಲ್ಡರಿನಲ್ಲಿತ್ತು; ನುಡಿ ತೆರೆಯುವ ಹೊತ್ತಿಗೇ ಡಿಸ್ಕಿಗೆ ಜೋತುಬೀಳುತ್ತಿತ್ತು. ಅದನ್ನು ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ ಹಾಕಿದೆ: ಯಾರೇ ಲಾಗಿನ್ ಆದರೂ ನಡೆಯಬೇಕು, ಆದರೆ ಸ್ವಲ್ಪ ತಡವಾಗಿ. ಓಡಿಸುವ ಖಾತೆಯ ಜಾಗದಲ್ಲಿ ನನ್ನ ಹೆಸರು ತೆಗೆದು ‘ಯೂಸರ್ಸ್’ ಗುಂಪನ್ನು ಕೊಟ್ಟೆ. ಹಾಗೆ ಕೊಟ್ಟರೆ ಬಂದು ಕೂತವರ ಹೆಸರಿನಲ್ಲೇ ಕೆಲಸ ನಡೆಯುತ್ತದೆ.

ನಾಲ್ಕು ನಿಮಿಷ ಎರಡಕ್ಕೂ ಕಡಿಮೆಗೆ ಇಳಿಯಿತು. ಮುಂದಿನ ವರ್ಷ ಹಾರ್ಡ್ ಡಿಸ್ಕಿನ ಜಾಗದಲ್ಲಿ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿದ ಮೇಲೆ ಇನ್ನೂ ಇಳಿಯಿತು. ಎಸ್‌ಎಸ್‌ಡಿ ಹಾಕಿಬಿಟ್ಟರೆ ಈ ಪಟ್ಟಿಯ ಗೊಡವೆ ಬೇಡ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಬೇಡದ್ದು ಬೇಗ ಶುರುವಾದರೂ 4 ಜಿಬಿಯಲ್ಲಿ ತನ್ನ ಪಾಲನ್ನು ಹಿಡಿದುಕೊಂಡೇ ಕೂಡುತ್ತದೆ. ದೊಡ್ಡ ಫ್ಲೆಕ್ಸ್ ಡಿಸೈನ್ ತೆರೆದಾಗ ಅದು ಗೊತ್ತಾಗುತ್ತದೆ.

ನೋಟ್‌ಬುಕ್ಕಿಗೆ ತೂತು ಹಾಕಿ, ದಾರ ಕಟ್ಟಿ, ಮೊದಲನೇ ಮಷಿನ್ನಿನ ಮೇಜಿಗೆ ತೂಗುಹಾಕಿದ್ದೇನೆ. ಹೊಸ ಪ್ರಿಂಟರ್ ಬಂದರೆ, ಯಾವುದಾದರೂ ತಂತ್ರಾಂಶ ಹಾಕಿದರೆ ಆಟೋರನ್ಸ್ ತೆರೆದು ಪಟ್ಟಿ ತಾಳೆ ನೋಡುತ್ತೇನೆ. ಹೆಚ್ಚಿದ್ದನ್ನು ತಾರೀಖು ಹಾಕಿ ಬರೆದು ಒಂದು ದಿನ ಹಾಗೇ ಬಿಡುತ್ತೇನೆ. ಮರುದಿನ ಅದರ ಮುಂದೆ ಆಪರೇಟರುಗಳ ಅಕ್ಷರದಲ್ಲಿ ‘ಬೇಕು’ ಅಥವಾ ‘ಬ್ಯಾಡ’ ಎಂದು ಇರುತ್ತದೆ. ಹೋದ ತಿಂಗಳ ಪುಟದಲ್ಲಿ ಒಂದರ ಮುಂದೆ ಕಾಕಾ ಅವರೇ ಬರೆದಿದ್ದಾರೆ: ‘ಪಗಾರದ ಲೆಕ್ಕಕ್ಕ ಬೇಕು. ಮುಟ್ಟಬ್ಯಾಡ.’