ಸಾದಾ ಕ್ಯಾಮೆರಾದಲ್ಲಿ ಮಹಾವ್ಯಾಧನ ನೀಹಾರಿಕೆ

ಮೃಗಶಿರಾ ಮಳೆ ಸುರಿಯುವ ಜೂನ್‌ನಲ್ಲಿ ಸೂರ್ಯನೇ ಆ ನಕ್ಷತ್ರದ ದಿಕ್ಕಿನಲ್ಲಿರುವುದರಿಂದ ಅದನ್ನೊಳಗೊಂಡ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜ ನಮಗೆ ಕಾಣಸಿಗದು. ಅದರ ಎಂ42 ಎಂಬ ನೀಹಾರಿಕೆಯ, ಅಂದರೆ ಹೊಳೆಯುವ ಅನಿಲದ ಮೋಡದ, ಚಿತ್ರ ತೆಗೆಯಲು ಮುಂಬಯಿ, ಪುಣೆಯವರಿಗೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಚಂದ್ರನಿಲ್ಲದ ರಾತ್ರಿಗಳೇ ಸೂಕ್ತ. ಜನವರಿಯ ನಡುವಿನಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಅದು ದಕ್ಷಿಣದಲ್ಲಿ 65 ಡಿಗ್ರಿಗಳಷ್ಟು ಎತ್ತರಕ್ಕೆ ಏರಿರುತ್ತದೆ. ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ತೂಗುವ ಕತ್ತಿಯ ನಡುವೆ ಮಸುಕಾಗಿ ಕಾಣುವ ಚುಕ್ಕೆಯೇ ನಮ್ಮ ಗುರಿ.

ಮಾಟುಂಗಾದ ತಾರಸಿಯಿಂದಲೂ ನೀಹಾರಿಕೆಯ ಹೊಳೆಯುವ ನಡುಭಾಗ ಸಿಗುತ್ತದೆ. ಅದರ ರೆಕ್ಕೆಗಳಂತಹ ಅಂಚುಗಳು ಮಾತ್ರ ನಗರದ ಬೆಳಕಿನಲ್ಲಿ ಮುಳುಗಿಹೋಗುತ್ತವೆ. ಡೊಂಬಿವಲಿ, ಕಲ್ಯಾಣದ ಕಡೆಯವರು ಕರ್ಜತ್ ಲೋಕಲ್ ಹಿಡಿದು ವಾಂಗಣಿಯವರೆಗೆ ಹೋಗುವುದು, ಪುಣೆಯವರು ತೋರಣಾ ಕೋಟೆಯ ತಪ್ಪಲಿನ ವೆಲ್ಹೆಯತ್ತ ಸಾಗುವುದು ಶ್ರಮಕ್ಕೆ ತಕ್ಕ ಫಲ ಕೊಡುತ್ತದೆ.

200 ಮಿ.ಮೀ.ವರೆಗೆ ಹೋಗುವ ಜೂಮ್ ಲೆನ್ಸ್, ಗಟ್ಟಿಯಾದ ಟ್ರೈಪಾಡ್, ಕೈ ತಾಕಿಸದೆ ಶಟರ್ ಒತ್ತುವ ರಿಮೋಟ್ ಇದ್ದರೆ ಸಾಕು. ಚಿತ್ರಗಳನ್ನು ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ರೂಪದಲ್ಲಿ ಉಳಿಸಬೇಕು, ಲೆನ್ಸಿನ ಅಲುಗಾಟ ತಡೆಯುವ ವ್ಯವಸ್ಥೆಯನ್ನು ಆಫ್ ಮಾಡಬೇಕು. ಫೋಕಸ್ ವಿಷಯದಲ್ಲಿ ಅವಸರ ಸಲ್ಲದು: ಲುಬ್ಧಕದಂತಹ ಪ್ರಕಾಶಮಾನ ನಕ್ಷತ್ರವನ್ನು ಕ್ಯಾಮೆರಾದ ಪರದೆಯಲ್ಲಿ ಹಿಗ್ಗಿಸಿ, ಅದು ಅತಿ ಚಿಕ್ಕ ಬಿಂದುವಾಗುವವರೆಗೆ ಫೋಕಸ್ ಉಂಗುರವನ್ನು ಕೈಯಿಂದಲೇ ಮೆಲ್ಲನೆ ತಿರುಗಿಸಿ, ಆಮೇಲೆ ಅದು ಕದಲದಂತೆ ಟೇಪ್ ಅಂಟಿಸಬೇಕು. ಜೂಮ್ ಬದಲಾದರೆ ಫೋಕಸ್ ಕೂಡ ಬದಲಾಗಬಹುದೆಂಬುದನ್ನು ನೆನಪಿಡಬೇಕು.

ಭೂಮಿ ತಿರುಗುತ್ತಿರುವುದರಿಂದ ಎಕ್ಸ್‌ಪೋಷರ್, ಅಂದರೆ ಶಟರ್ ತೆರೆದಿರುವ ಹೊತ್ತು, ಉದ್ದವಾದರೆ ನಕ್ಷತ್ರಗಳು ಗೆರೆಗಳಾಗುತ್ತವೆ. 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಪೂರ್ಣ ಚೌಕಟ್ಟಿನ (ದೊಡ್ಡ ಸಂವೇದಕದ) ಕ್ಯಾಮೆರಾಕ್ಕೆ ಎಷ್ಟು ಸೆಕೆಂಡು ಎಂಬ ಅಂದಾಜು ದೊರೆಯುತ್ತದೆ, 200 ಮಿ.ಮೀ.ನಲ್ಲಿ ಅದು ಎರಡೂವರೆ ಸೆಕೆಂಡು. ಸಾಮಾನ್ಯ ಕ್ಯಾಮೆರಾಗಳ ಚಿಕ್ಕ ಸಂವೇದಕಕ್ಕೆ ಒಂದರಿಂದ ಒಂದೂವರೆ ಸೆಕೆಂಡಿಗಿಂತ ಹೆಚ್ಚು ಸಲ್ಲದು. ಲೆನ್ಸಿನೊಳಗೆ ಬೆಳಕು ಬಿಡುವ ದ್ಯುತಿರಂಧ್ರವನ್ನು (ಅಪರ್ಚರ್) ಪೂರ್ತಿ ತೆರೆದು, ಬೆಳಕಿನ ಸಂವೇದನೆಯ ಮಟ್ಟವಾದ ಐಎಸ್‌ಒವನ್ನು 1600ಕ್ಕೆ ಇಟ್ಟುಕೊಂಡು, 400 ಚಿತ್ರಗಳನ್ನು ಒಂದರ ಹಿಂದೊಂದು ತೆಗೆಯಬೇಕು. ಗಂಟೆಗೆ 15 ಡಿಗ್ರಿಯಂತೆ ಆಕಾಶ ಸರಿಯುವುದರಿಂದ ನಡುನಡುವೆ ಕ್ಯಾಮೆರಾ ತಿರುಗಿಸಿ ನೀಹಾರಿಕೆಯನ್ನು ಮತ್ತೆ ಮಧ್ಯಕ್ಕೆ ತರಬೇಕಾಗುತ್ತದೆ. ಲೆನ್ಸಿನ ಮೇಲೆ ಇಬ್ಬನಿ ಕೂತಿದೆಯೇ ಎಂದು ಅದೇ ಹೊತ್ತಿನಲ್ಲಿ ನೋಡಿಕೊಳ್ಳಬಹುದು.

ಒಂದೊಂದೇ ಚಿತ್ರ ನೋಡಿ ನಿರಾಶರಾಗಬಾರದು. ನೂರು ಚಿತ್ರಗಳನ್ನು ಜೋಡಿಸಿ ಸರಾಸರಿ ತೆಗೆದಾಗ ಚಿತ್ರದ ಕಾಳುಕಾಳಾದ ಗದ್ದಲ (ನಾಯ್ಸ್) ಸುಮಾರು ಹತ್ತನೇ ಒಂದು ಭಾಗಕ್ಕಿಳಿದು, ಅದರಡಿ ಅಡಗಿದ್ದ ಅನಿಲದ ಮೋಡ ಮೇಲೇಳುತ್ತದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ಜ್ಯೋತಿರ್ವರ್ಷ ದೂರದ ಬೆಳಕು ನಮ್ಮ ಸಾದಾ ಲೆನ್ಸಿನಲ್ಲಿ ಹೀಗೆ ಆಕಾರ ತಳೆಯುವುದು ನಿಜಕ್ಕೂ ರೋಮಾಂಚನ ತರುತ್ತದೆ. ಈ ಜೋಡಣೆಗೆ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳಿವೆ. ಅವುಗಳಿಗಾಗಿ ಸ್ಥಳದಲ್ಲೇ, ಸೆಟ್ಟಿಂಗ್ ಬದಲಿಸದೆ, ಲೆನ್ಸಿಗೆ ಮುಚ್ಚಳ ಹಾಕಿ ಇಪ್ಪತ್ತು ಕಪ್ಪು ಚಿತ್ರಗಳನ್ನೂ, ಫೋಕಸ್ ಕದಲಿಸದೆ ಬಿಳಿ ಬಟ್ಟೆ ಮುಚ್ಚಿ ಸಮನಾದ ಬೆಳಕಿಗೆ ಹಿಡಿದು ಅಷ್ಟೇ ಬಿಳಿ ಚಿತ್ರಗಳನ್ನೂ ತೆಗೆದಿರಬೇಕು. ನಗರದ ಹತ್ತಿರದವರು ಬಿಳಿ ಚಿತ್ರಗಳನ್ನು ಬಿಡಲೇಬಾರದು. ಅವಿಲ್ಲದಿದ್ದರೆ ಮೂಲೆಗಳ ಕತ್ತಲೆಯೂ ಬೀದಿದೀಪಗಳ ಹಳದಿಯೂ ಬೆರೆತು ಬೇರ್ಪಡಿಸಲಾಗದಂತಾಗುತ್ತದೆ.

ಜೋಡಿಸಿದ ಚಿತ್ರ ಮೊದಲು ಕಪ್ಪಾಗಿಯೇ ಕಾಣುತ್ತದೆ. ಚಿತ್ರ ತಿದ್ದುವ ತಂತ್ರಾಂಶದ ಕರ್ವ್ಸ್ ಸಾಧನದಿಂದ ಮಸುಕು ಭಾಗಗಳನ್ನು ಹಂತಹಂತವಾಗಿ ಎತ್ತಬೇಕು. ಜಲಜನಕದ ಕಡುಗೆಂಪನ್ನು ಕ್ಯಾಮೆರಾದೊಳಗಿನ ಫಿಲ್ಟರ್ ಬಹುಪಾಲು ತಡೆಯುವುದರಿಂದ ಬಣ್ಣ ತಿಳಿ ಗುಲಾಬಿಯಾಗಿ ಬಂದರೆ ಅದನ್ನು ಬಲವಂತವಾಗಿ ಕೆಂಪಾಗಿಸುವುದು ಬೇಡ. ಹೀಗೆ ಎತ್ತುವಾಗ ನಡುಭಾಗ ಬೆಳ್ಳಗೆ ಸುಟ್ಟಂತಾದರೆ, ಕಾಲು ಸೆಕೆಂಡಿನ ಇನ್ನೊಂದು ಕಂತು ಚಿತ್ರಗಳನ್ನು ತೆಗೆದು, ಪ್ರತ್ಯೇಕವಾಗಿ ಜೋಡಿಸಿ, ಆ ಭಾಗಕ್ಕಷ್ಟೇ ಬೆರೆಸಿಕೊಳ್ಳಬಹುದು.