ಗುಹೆಯಲ್ಲಿ ಮಲಗಿದವರು ಎಷ್ಟು ಮಂದಿ?

ಮಂಗಳೂರಿನಲ್ಲಿ ಬೇಸಿಗೆ ರಜೆಗೆ ಹೈಸ್ಕೂಲ್ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಒಂದು ವರ್ಷ ಗುಂಪಿನಲ್ಲಿ ಬ್ಯಾರಿ ಮುಸ್ಲಿಂ ಮಕ್ಕಳೂ ಕ್ಯಾಥೊಲಿಕ್ ಮಕ್ಕಳೂ ಹೆಚ್ಚುಕಡಿಮೆ ಸಮಸಮ ಇದ್ದರು. ಎರಡೂ ಕಡೆಯವರಿಗೆ ಸೇರಿದ ಕಥೆಯೊಂದನ್ನು ಆಡಿಸುವ ಆಸೆಯಾಯಿತು.

ಮೊದಲು ಹೊಳೆದದ್ದು ಮೇರಿಯ ಕಥೆ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರ್ಯಮ್. ಅಲ್ಲಿ ಗೋದಲಿ ಇಲ್ಲ, ಹೆರಿಗೆ ನೋವಿನಲ್ಲಿ ಆಕೆ ಒಬ್ಬಳೇ ಖರ್ಜೂರದ ಮರದ ಬುಡಕ್ಕೆ ಬರುತ್ತಾಳೆ. ಎಂಥ ದೃಶ್ಯ! ಆದರೆ ನಾನು ಯಾರನ್ನೂ ಕೇಳದೆ ಪಾತ್ರ ಹಂಚಿಬಿಟ್ಟಿದ್ದೆ. ಕ್ರಿಸ್ಮಸ್ಸಿಗೆ ಮೇರಿಯ ವೇಷ ಹಾಕುವುದು ಚರ್ಚಿನ ಮಕ್ಕಳಿಗೆ ಮಾಮೂಲು. ಮುಸ್ಲಿಮರಿಗೆ ಈಸಾ, ಅಂದರೆ ಯೇಸು, ಒಬ್ಬ ಪ್ರವಾದಿ; ಪ್ರವಾದಿಗಳ ವೇಷ ಹಾಕುವುದು ಅವರಲ್ಲಿ ಸಲ್ಲದು. ಎರಡೇ ದಿನದಲ್ಲಿ ನಾಲ್ಕು ಮಕ್ಕಳು ಬರುವುದನ್ನು ನಿಲ್ಲಿಸಿದರು. ಮದರಸದ ಉಸ್ತಾದರ ಹತ್ತಿರ ಹೋದೆ. "ಗುಹೆಯವರ ಕಥೆ ಮಾಡಿ ಸರ್, ಅದರಲ್ಲಿ ಯಾರೂ ಪ್ರವಾದಿ ಅಲ್ಲ" ಅಂದರು.

ಈ ಕಥೆ ಬೈಬಲಿನಲ್ಲಿಲ್ಲ. ಹಳೆಯ ಸಿರಿಯಾಕ್ ಕ್ರೈಸ್ತರು ಹೇಳಿಕೊಂಡು ಬಂದದ್ದು. ರೋಮನ್ ದೊರೆ ಡೇಸಿಯಸ್‌ನ ಹಿಂಸೆಗೆ ಹೆದರಿ ಎಫೆಸಸ್ ಪಟ್ಟಣದ ಏಳು ಕ್ರೈಸ್ತ ಯುವಕರು ಗುಹೆ ಸೇರಿ ನಿದ್ದೆ ಹೋಗುತ್ತಾರೆ. ಎದ್ದಾಗ ಊರೆಲ್ಲ ಕ್ರೈಸ್ತರದ್ದೇ. ಕುರಾನಿನ 18ನೇ ಅಧ್ಯಾಯ ಅಲ್-ಕಹ್ಫ್‌ನಲ್ಲಿ ಊರಿನ ಹೆಸರಿಲ್ಲ, 300 ವರ್ಷ ಮತ್ತು ಮೇಲೆ 9 ಎಂಬ ಲೆಕ್ಕವಿದೆ. ತಮಾಷೆ ಅಂದರೆ, ಶುಕ್ರವಾರ ಆ ಅಧ್ಯಾಯ ಓದುವ ರೂಢಿ ಇರುವುದರಿಂದ ಬ್ಯಾರಿ ಮಕ್ಕಳಿಗೆ ಕಥೆ ಬಾಯಿಪಾಠ. ಕ್ಯಾಥೊಲಿಕ್ ಮಕ್ಕಳು ಕೇಳಿಯೇ ಇರಲಿಲ್ಲ! ಕಥೆ ಹೇಳುವ ಕೆಲಸ ಬ್ಯಾರಿ ಮಕ್ಕಳಿಗೇ ಬಿಟ್ಟೆ.

ತಲೆನೋವಾದದ್ದು ಎಣಿಕೆ. ಕುರಾನಿನಲ್ಲಿ ಮಲಗಿದವರ ಜೊತೆ ಒಂದು ನಾಯಿಯೂ ಇದೆ. ಮೂವರು, ನಾಯಿ ನಾಲ್ಕನೆಯದು. ಐವರು, ನಾಯಿ ಆರನೆಯದು. ಏಳು ಮಂದಿ, ನಾಯಿ ಎಂಟನೆಯದು ಎಂದು ಜನ ವಾದಿಸುತ್ತಾರೆ, ಸರಿಯಾದ ಲೆಕ್ಕ ದೇವರಿಗೇ ಗೊತ್ತು ಅನ್ನುತ್ತದೆ ಕುರಾನ್. ನಾನು ರಂಗದ ಮೇಲೆ ಎಷ್ಟು ಮಂದಿಯನ್ನು ಮಲಗಿಸಲಿ? ಕೊನೆಗೆ ನಾಲ್ಕು ಕಂಬಳಿ ಸೇರಿಸಿ ಹೊಲಿಸಿ, ಎಲ್ಲರನ್ನೂ ಅದರಡಿ ಹಾಕಿದೆ. ತಲೆ ಕಾಣುವುದಿಲ್ಲ. ಮುಂದೆ ಇಬ್ಬರು ನಿರೂಪಕರು ಎಣಿಸುತ್ತಾ ಜಗಳಾಡುತ್ತಾರೆ. ಮಲಗಿದವರನ್ನು ಬಲಕ್ಕೂ ಎಡಕ್ಕೂ ಹೊರಳಿಸುತ್ತಿದ್ದೆವು ಎಂಬ ದೇವರ ಮಾತೂ ಕುರಾನಿನಲ್ಲಿದೆ. ನಮಗೆ ಅದೇ ಗಡಿಯಾರವಾಯಿತು. ಪ್ರತಿ ಹೊರಳಿಗೆ ಹೊರಗಿನ ಬೀದಿಯ ಸದ್ದು ಬದಲು: ಕುದುರೆ, ಗಂಟೆ, ಸಂತೆ.

ಎಲ್ಲರಿಗೂ ಬೇಕಾದ ಪಾತ್ರ ನಾಯಿಯದು. ಸಿಕ್ಕವನು ಮೂರೇ ದಿನಕ್ಕೆ ಗೊಣಗಿದ. ಬಾಗಿಲಲ್ಲಿ ಮುಂಗಾಲು ಚಾಚಿ ಇಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕಲ್ವಾ!

ನಿದ್ದೆಯಿಂದೆದ್ದು ರೊಟ್ಟಿ ತರಲು ಊರಿಗೆ ಹೋದವನ ಹಳೇ ನಾಣ್ಯ ಕಂಡು ಅಂಗಡಿಯವನು ಬೆಚ್ಚುವ ದೃಶ್ಯ ಮಾತ್ರ ಕೂರುತ್ತಿರಲಿಲ್ಲ. ಬೆಳ್ಳಿ ಕಾಗದ ಅಂಟಿಸಿದ ರಟ್ಟು ನೋಡಿ ಯಾರು ಬೆಚ್ಚುತ್ತಾರೆ? 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆಯೊಂದು ಮನೆಯ ಡಬ್ಬಿಯಲ್ಲಿತ್ತು. ಹೇಳದೆ ಹುಡುಗನ ಕೈಗಿಟ್ಟೆ. ಅಂಗಡಿಯವನಾಗಿದ್ದ ಹುಡುಗಿ ಅದನ್ನು ತಿರುಗಿಸಿ ನೋಡಿ, ತನ್ನ ಮಾತು ಮರೆತು ಕೇಳಿದಳು: "ಇದು ಎಲ್ಲಿ ಸಿಕ್ಕಿತು?"

ಆ ಮಾತನ್ನೇ ನಾಟಕದಲ್ಲಿ ಉಳಿಸಿಕೊಂಡೆವು.