ಜಾವಾ ಸ್ಟ್ರಿಂಗ್ ಬದಲಾಗಲ್ಲ, ಹಾಗಾದರೆ ಬದಲಾಗಿದ್ದು ಏನು?

ಮೈಸೂರಿರಲಿ, ಮಂಡ್ಯವಿರಲಿ, ಎಂಜಿನಿಯರಿಂಗ್ ಹುಡುಗರಿಗೆ ವೈವಾದಲ್ಲಿ ಎದುರಾಗುವ ಪ್ರಶ್ನೆ ಇದು: ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಇಮ್ಯೂಟಬಲ್ ಅಂದರೇನು? ‘ಒಮ್ಮೆ ಮಾಡಿದ ಮೇಲೆ ಬದಲಾಗಲ್ಲ ಸಾರ್’ ಅನ್ನುವ ಉತ್ತರ ಬಾಯಿಗೆ ಬಂದಿರುತ್ತದೆ. ‘ಮತ್ತೆ ನಿನ್ನ ಪ್ರೋಗ್ರಾಮಿನಲ್ಲಿ ಬದಲಾಯ್ತಲ್ಲಪ್ಪ?’ ಎಂದು ಮೇಷ್ಟ್ರು ಕೇಳಿದರೆ ಮಾತು ನಿಲ್ಲುತ್ತದೆ. ಬಾಯಿಪಾಠ ಬಿಟ್ಟು ಲ್ಯಾಪ್‌ಟಾಪ್ ತೆಗೆಯಿರಿ, ಮಾಡಿಯೇ ನೋಡೋಣ.

ಕೋಡನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಜಾವಾದ ಪದಗಳು ಇಂಗ್ಲಿಷಿನಲ್ಲೇ ಇರಬೇಕು. ವೇರಿಯಬಲ್ ಹೆಸರು ಮಾತ್ರ ಕನ್ನಡದಲ್ಲಿದ್ದರೂ ನಡೆಯುತ್ತದೆ. ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿ.

ಹಂತ 1: ಸುಮ್ನೆ ಜೋಡಿಸಿ ನೋಡಿ

ಸ್ಟ್ರಿಂಗ್ ಊರು = "ಮಂಡ್ಯ";
ಊರು.ಕಾನ್‌ಕ್ಯಾಟ್("ದಿಂದ");

ಈಗ ಊರು ಪ್ರಿಂಟ್ ಮಾಡಿ. ‘ಮಂಡ್ಯ’ ಅಂತಲೇ ಬರುತ್ತದೆ. ಎರರ್ ಕೂಡ ಇಲ್ಲ, ತೊಂದರೆ ಇರುವುದೇ ಅಲ್ಲಿ. ಕಾನ್‌ಕ್ಯಾಟ್ ‘ಮಂಡ್ಯದಿಂದ’ ಎಂಬ ಹೊಸ ಸ್ಟ್ರಿಂಗ್ ಮಾಡಿ ಕೊಟ್ಟಿತು, ನಾವು ಅದನ್ನು ಇಸಿದುಕೊಳ್ಳಲಿಲ್ಲ. ರಿಪ್ಲೇಸ್, ಟ್ರಿಮ್ ಮೆಥಡ್‌ಗಳೂ ಹೀಗೇ, ಮೂಲವನ್ನು ಮುಟ್ಟುವುದಿಲ್ಲ. (ಅಂದಹಾಗೆ, ‘ಮಂಡ್ಯ’ದ ಲೆಂಗ್ತ್ ಕೇಳಿದರೆ 5 ಎನ್ನುತ್ತದೆ. ಸೊನ್ನೆ, ಒತ್ತಿನ ಗುರುತು ಎಲ್ಲವೂ ಲೆಕ್ಕಕ್ಕೆ ಬರುತ್ತವೆ.)

ಹಂತ 2: ಹಳೆಯದನ್ನೂ ಹಿಡಿದಿಟ್ಟುಕೊಳ್ಳಿ

ಸ್ಟ್ರಿಂಗ್ ಹಳೆಯದು = ಊರು;
ಊರು = ಊರು.ಕಾನ್‌ಕ್ಯಾಟ್("ದಿಂದ");

ಎರಡನ್ನೂ ಪ್ರಿಂಟ್ ಮಾಡಿ. ಊರು ‘ಮಂಡ್ಯದಿಂದ’ ಆಗಿದೆ, ಹಳೆಯದು ‘ಮಂಡ್ಯ’ವಾಗಿಯೇ ಇದೆ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇದೇ. ವೇರಿಯಬಲ್ ಅನ್ನುವುದು ಹಗ್ಗ, ಸ್ಟ್ರಿಂಗ್ ಅನ್ನುವುದು ಎತ್ತು. ಒಂದೇ ಎತ್ತಿಗೆ ಎರಡು ಹಗ್ಗ ಕಟ್ಟಿದ್ದೆವು. ಒಂದನ್ನು ಬಿಚ್ಚಿ ಬೇರೆ ಎತ್ತಿಗೆ ಕಟ್ಟಿದೆವು, ಮೊದಲಿನ ಎತ್ತಿಗೆ ಏನೂ ಆಗಲಿಲ್ಲ. ವೇರಿಯಬಲ್ ಮುಂದೆ ಫೈನಲ್ ಎಂದು ಬರೆದರೆ ಹಗ್ಗ ಬಿಚ್ಚುವಂತಿಲ್ಲ ಎಂದಷ್ಟೇ ಅರ್ಥ. ಅದಕ್ಕೂ ಇಮ್ಯೂಟಬಲ್‌ಗೂ ಗಂಟು ಹಾಕಬೇಡಿ, ಜಾಸ್ತಿ ಜನ ಎಡವುವುದು ಇಲ್ಲೇ.

ಇಷ್ಟು ಬಿಗಿ ಯಾಕೆ? ಒಂದು ಫೈಲಿನ ಹೆಸರನ್ನು ಪ್ರೋಗ್ರಾಂ ಪರೀಕ್ಷಿಸಿ, ಸರಿಯಿದೆ ಎಂದು ತೆರೆಯಲು ಹೊರಡುತ್ತದೆ ಅಂದುಕೊಳ್ಳಿ. ಆ ನಡುವೆ ಬೇರೆ ಯಾರಾದರೂ ಅದೇ ಸ್ಟ್ರಿಂಗನ್ನು ತಿದ್ದಿದರೆ? ಪರೀಕ್ಷೆ ಮಾಡಿದ್ದು ಒಂದು ಫೈಲು, ತೆರೆದದ್ದು ಇನ್ನೊಂದು. ಹ್ಯಾಶ್‌ಮ್ಯಾಪ್‌ನಲ್ಲಿ (ಕೀ ಎಂಬ ಹೆಸರು ಕೊಟ್ಟರೆ ಅದಕ್ಕೆ ಸೇರಿದ್ದನ್ನು ಹುಡುಕಿಕೊಡುವ ಪಟ್ಟಿ) ಸ್ಟೇಷನ್ ಹೆಸರಿಗೆ ಟಿಕೆಟ್ ದರ ಸೇರಿಸಿಟ್ಟಿದ್ದೀರಿ, ಆಮೇಲೆ ಕೀ ಬದಲಾದರೆ ದರ ಒಳಗೇ ಇದ್ದರೂ ಸಿಗುವುದಿಲ್ಲ. ಬದಲಾಗದ ಸ್ಟ್ರಿಂಗಾದರೆ ಹತ್ತು ಥ್ರೆಡ್‌ಗಳು (ಪ್ರೋಗ್ರಾಮಿನಲ್ಲಿ ಒಟ್ಟಿಗೇ ಓಡುವ ಕೆಲಸಗಳು) ಲಾಕ್ ಇಲ್ಲದೆ ಹಂಚಿಕೊಳ್ಳಬಹುದು.

ಹಂತ 3: ಎರಡು ‘ಮಂಡ್ಯ’ ಹೋಲಿಸಿ

ಕೋಡಿನಲ್ಲಿ ಎರಡು ಕಡೆ "ಮಂಡ್ಯ" ಎಂದು ಬರೆದು ಡಬಲ್ ಈಕ್ವಲ್ಸ್ (==) ಚಿಹ್ನೆಯಿಂದ ಹೋಲಿಸಿದರೆ ಟ್ರೂ ಬರುತ್ತದೆ. ಯಾರೂ ತಿದ್ದುವಂತಿಲ್ಲವಲ್ಲ, ಹಾಗಾಗಿ ಜಾವಾ ಒಂದೇ ಪ್ರತಿಯನ್ನು ಸ್ಟ್ರಿಂಗ್ ಪೂಲ್‌ನಲ್ಲಿಟ್ಟು ಎರಡೂ ಕಡೆ ಕೊಡುತ್ತದೆ. ಇನ್ನೊಂದು ‘ಮಂಡ್ಯ’ವನ್ನು ಜಾವಾದ ಸ್ಕ್ಯಾನರ್ ಕ್ಲಾಸ್ ಮೂಲಕ ಕೀಬೋರ್ಡಿನಿಂದ ತೆಗೆದುಕೊಳ್ಳಿ. ಈಗ ಫಾಲ್ಸ್! ಆ ಚಿಹ್ನೆ ಕೇಳುವುದು ಎರಡೂ ಒಂದೇ ಆಬ್ಜೆಕ್ಟಾ, ಅಂದರೆ ಒಂದೇ ಎತ್ತಾ ಎಂದು. ಅಕ್ಷರ ಹೋಲಿಸಲು ಈಕ್ವಲ್ಸ್ ಮೆಥಡ್ಡೇ ಬೇಕು.

ಹಂತ 4: ಲೂಪಿನಲ್ಲಿ ಪ್ಲಸ್ ಬೇಡ

ಲೂಪ್ ಹಾಕಿ ಒಂದೊಂದೇ ಅಕ್ಷರದಂತೆ 10,000 ಅಕ್ಷರ ಪ್ಲಸ್‌ನಿಂದ ಸೇರಿಸಿದರೆ ಪ್ರತಿ ಸಲವೂ ಹಿಂದಿನದೆಲ್ಲ ಹೊಸ ಸ್ಟ್ರಿಂಗಿಗೆ ನಕಲಾಗುತ್ತದೆ. ಕೂಡಿದರೆ ಸುಮಾರು 5 ಕೋಟಿ ಅಕ್ಷರ ನಕಲು. ಬೇಡವಾದ ಪ್ರತಿಗಳನ್ನು ಗುಡಿಸುವ ಕೆಲಸ ಗಾರ್ಬೇಜ್ ಕಲೆಕ್ಟರ್ ತಲೆಗೆ. ಇದಕ್ಕೆ 2004ರ ಜಾವಾ 5ರಲ್ಲಿ ಬಂದ ಸ್ಟ್ರಿಂಗ್‌ಬಿಲ್ಡರ್ ಬಳಸಿ. ಅದು ಬದಲಾಗುವ ಆಬ್ಜೆಕ್ಟ್. ಮೊದಲಿಗೆ 16 ಅಕ್ಷರಕ್ಕೆ ಜಾಗ ಇಟ್ಟುಕೊಳ್ಳುತ್ತದೆ, ತುಂಬಿದಾಗ ಮಾತ್ರ ದೊಡ್ಡ ಜಾಗಕ್ಕೆ ಹೋಗುತ್ತದೆ. ಅಪೆಂಡ್ ಮಾಡುತ್ತಾ ಹೋಗಿ, ಕೊನೆಗೆ ಟು ಸ್ಟ್ರಿಂಗ್ ಕರೆಯಿರಿ.

ಒಂದೇ ಸಾಲಿನಲ್ಲಿ ಎರಡು ಮೂರು ಪದ ಸೇರಿಸಲು ಪ್ಲಸ್ ಸಾಕು. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯ ಅಂತ ಸ್ಟೇಷನ್ ಹೆಸರುಗಳ ನಡುವೆ ಕಾಮಾ ಹಾಕುವುದಷ್ಟೇ ಕೆಲಸವಾದರೆ, 2014ರ ಜಾವಾ 8ರಿಂದ ಸ್ಟ್ರಿಂಗ್ ಡಾಟ್ ಜಾಯಿನ್ ಇದೆ. ಲೂಪೂ ಬೇಡ, ಬಿಲ್ಡರೂ ಬೇಡ.